ತಳದ ಬಾಯಿ

ಮಂಚದ ಕೆಳಗಿನ ಮಾತುಗಳನ್ನು ಪೊರಕೆಯ ತುದಿಯಿಂದ ಮೆಲ್ಲಗೆ ಈಚೆಗೆ ಎಳೆಯುತ್ತಿದ್ದೆ. ಅವು ಭಾರದವು. ಹಿಂದಿನ ದಿನ ಮಣ್ಣು ತಂದ ಗಾಡಿಯವನ ಜೊತೆ ಜಗಳವಾಡಿದ್ದೆ, ಮರಳು ಬೆರೆತ ಮಣ್ಣು ತಂದನೆಂದು. ಸಿಟ್ಟಿನ ಮಾತು ಬಿದ್ದ ಕೂಡಲೇ ಉರುಳಿಕೊಂಡು ಹೋಗಿ ಮಂಚದ ಕೆಳಗೋ ಒರಳಿನ ಸಂದಿಗೋ ಸೇರಿಕೊಳ್ಳುತ್ತದೆ. ಉಳಿದವು ಹಗುರ. ಬೆಕ್ಕಿಗೆ ಹೇಳಿದ್ದು, ಒಲೆಗೆ ಹೇಳಿದ್ದು, ನನಗೆ ನಾನೇ ಹೇಳಿಕೊಂಡದ್ದು, ಎಲ್ಲ ಬೂರುಗದ ಹತ್ತಿಯ ಹಾಗೆ ಗೋಡೆಯಂಚಿಗೆ ಕೂತಿರುತ್ತವೆ. ಪೊರಕೆ ತಾಗಿದರೆ ಒಂದು ಗೇಣು ಮೇಲೆದ್ದು, ಬಿಸಿಲಿನಲ್ಲಿ ಸ್ವಲ್ಪ ಹೊತ್ತು ತೇಲಿ, ಮತ್ತೆ ಕೂರುತ್ತವೆ. ಎಳೆಗೂಸಿನ ಮಾತಾದರೆ ನೇರ ತೊಲೆಗೆ ಹೋಗಿ ಹತ್ತಿಕೊಳ್ಳುತ್ತದೆ. ಅದನ್ನು ಇಳಿಸಲು ಕೋಲಿಗೆ ಒದ್ದೆ ಬಟ್ಟೆ ಕಟ್ಟಬೇಕು. ನನ್ನ ಮನೆಯಲ್ಲಿ ಆ ಕೆಲಸವಿಲ್ಲ.

"ಕಾಶವ್ವಾ, ಗುಡಿಸಾಕತ್ತೀರೇನ್ರಿ?" ಹೊರಗಿನಿಂದ ಯಾರೋ ಕೇಳಿದರು.

"ಹೌದ್ರಿ. ಯಾರದು?"

"ನಾ ಸುಲೋಚನಾ, ಚಾವಡಿಯಾಕಿ. ಸಾವಕಾಶ ಗುಡಿಸ್ರಿ. ಓಣಿ ಕಡೆ ಮಾರಿ ಮಾಡಿ ನಿಂತೇನಿ."

ನಮ್ಮೂರಲ್ಲಿ ಯಾರೇ ಆದರೂ ಹಾಗೇ ನಿಲ್ಲಬೇಕು. ಇನ್ನೊಬ್ಬರ ಮನೆಯ ಕಸ ನೋಡಬಹುದು, ಮಾತು ನೋಡಬಾರದು. ಒಂದನ್ನು ಬೆರಳಲ್ಲಿ ಹಿಡಿದು ಕಿವಿಯ ಹತ್ತಿರ ತಂದರೆ ಸಾಕು, ಆಡಿದವರ ದನಿಯಲ್ಲೇ ಅದು ಮತ್ತೊಮ್ಮೆ ಆಡುತ್ತದೆ. ಅದಕ್ಕೇ ಮನೆಗೊಂದು ಮಾತಿನ ಗಡಿಗೆ. ಬೆಳಿಗ್ಗೆ ಗುಡಿಸಿ ತುಂಬುವುದು, ಅಮಾವಾಸ್ಯೆಯ ದಿನ ಹೊತ್ತುಕೊಂಡು ಹೊಳೆಗೆ ಹೋಗಿ ನೀರಿನೊಳಗೆ ಮುಚ್ಚಳ ತೆರೆಯುವುದು. ಮಾತು ನೀರಿಗೆ ಕರಗುತ್ತದೆ. ಆವತ್ತು ಸಂಜೆ ದಂಡೆಯಲ್ಲಿ ಕೂತರೆ ಹೊಳೆ ಗುನುಗುವುದು ಕೇಳಿಸುತ್ತದೆ. ಯಾರ ಮಾತೆಂದು ತಿಳಿಯುವುದಿಲ್ಲ, ಊರಿಗೆ ಊರೇ ನಿದ್ದೆಯಲ್ಲಿ ಮಾತಾಡಿದ ಹಾಗೆ. ಬಯಲಿನಲ್ಲಿ ಆಡಿದ್ದನ್ನು ಗಾಳಿ ಎಲ್ಲಿಗೋ ಒಯ್ಯುತ್ತದೆ, ಹಾಗಾಗಿ ಬಯಲಿನಲ್ಲಿ ನಾವು ಮಳೆ, ಬೆಳೆ, ಎಮ್ಮೆ ಇಷ್ಟರ ಮೇಲೆ ಹೆಚ್ಚು ಮಾತಾಡುವುದಿಲ್ಲ.

ಆ ಗಡಿಗೆಗಳನ್ನು ಮಾಡುವವಳು ನಾನು. ನನಗಿಂತ ಮೊದಲು ನನ್ನ ಗಂಡ, ಅವರಿಗಿಂತ ಮೊದಲು ನನ್ನ ಅತ್ತೆ. ನಾವು ಗಡಿಗೆಯನ್ನೂ ಮುಚ್ಚಳವನ್ನೂ ಸುಟ್ಟು ಕೊಡುತ್ತೇವೆ ಅಷ್ಟೆ. ಹೊಸ ಮನೆ ಹೂಡಿದವರು ಎದುರುಬದುರು ಕೂತು, ಹೊಳೆಯ ಸಣ್ಣ ಮರಳು ಹಾಕಿ, ಒಂಬತ್ತು ದಿನ ಮುಚ್ಚಳವನ್ನು ಬಾಯಿಯ ಮೇಲೆ ಉಜ್ಜುತ್ತಾರೆ. ಅವರ ಕೈಯ ವಾಟ ಹೇಗೋ ಹಾಗೆ ಅಲ್ಲಿ ತಿರುವು ಬೀಳುತ್ತದೆ. ಆಮೇಲೆ ಆ ಕೈಗಳಿಗಲ್ಲದೆ ಇನ್ಯಾರಿಗೂ ಅದು ತೆರೆಯುವುದಿಲ್ಲ, ಮಾಡಿಕೊಟ್ಟ ನನಗೂ ಕೂಡ. "ಮಣ್ಣು ನಮ್ಮದು, ತಿರುವು ಅವರದು" ಎಂದು ಅತ್ತೆ ಗಿರಾಕಿಗಳಿಗೆಲ್ಲ ಹೇಳುತ್ತಿದ್ದಳು.

ನನ್ನವನ್ನು ಗಡಿಗೆಗೆ ತುಂಬಿ ಮುಚ್ಚಳ ತಿರುಗಿಸಿ, "ಬರ್ರಿ" ಎಂದೆ.

ಸುಲೋಚನಾಬಾಯಿ ಹೋದ ಯುಗಾದಿಯಿಂದ ಚಾವಡಿಯ ಯಜಮಾನಿಕೆ ವಹಿಸಿಕೊಂಡವಳು. ಮೂವತ್ತೈದರ ಹೆಣ್ಣು, ಚುರುಕು, ಕಣ್ಣಲ್ಲಿ ಕಣ್ಣಿಟ್ಟು ಮಾತಾಡುತ್ತಾಳೆ. ಚಾಪೆ ಹಾಸಿದರೂ ಬೇಡವೆಂದು ಸಗಣಿ ಸಾರಿಸಿದ ನೆಲದ ಮೇಲೇ ಕೂತಳು.

"ಕೆರಿ ಸುದ್ದಿ ಕೇಳೀರಲ್ಲ, ಕಾಶವ್ವ?"

ಕೇಳಿದ್ದೆ. ಯಾರೋ ಕೆರೆಗೆ ವಿಷ ಬೆರೆಸಿದ್ದರು. ಮೀನೆಲ್ಲ ಹೊಟ್ಟೆ ಮೇಲಾಗಿ ತೇಲಿದ್ದವು.

"ನಾಳಿಗೆ ಕುಡಿಯೋ ಬಾವಿಗೆ ಹಾಕಿದ್ರ? ಯಾವುದೋ ಒಂದು ಮನ್ಯಾಗ ಕುಂತು ಅವರು ಮಾತಾಡಿರಬೇಕಲ್ರಿ. ಆ ಮಾತು ಒಂದು ಗಡಿಗ್ಯಾಗ ಬಿದ್ದೈತಿ. ನಮಗ ತೆರಿಯಾಕ ಬರಂಗಿಲ್ಲ." ಅವಳು ಒಂದು ಕಾಗದ ಬಿಚ್ಚಿ ನನ್ನ ಮುಂದೆ ಹರವಿದಳು. ಗಡಿಗೆಯ ಚಿತ್ರ, ಅದರ ತಳದಲ್ಲಿ ಒಂದು ಬಾಯಿ. "ತಳದ ಬಾಯಿ ಮತ್ತ ಇಡಬೇಕಂತ ಮಾಡೇವಿ. ಹಿಂದಿನಂಗಲ್ಲ. ಆವಾಗ ಊರಿಗೆಲ್ಲ ಒಂದ ಕೀಲಿ ಇತ್ತು, ಅದಕ್ಕ ಹಂಗಾತು. ಈ ಸಲ ಮನಿಗೊಂದು ಕೀಲಿ. ಎಲ್ಲಾ ಒಂದು ಪೆಟಗಿಯೊಳಗ ಇಟ್ಟು, ಪೆಟಗಿಗೆ ಮೂರು ಬೀಗ."

"ಪೆಟಗಿ ಎಲ್ಲಿರತೈತಿ?"

"ಚಾವಡ್ಯಾಗ."

"ಮೂರು ಬೀಗದ ಕೈ?"

"ಮೂರು ಮಂದಿ ಹತ್ತರ."

"ಆ ಮೂರು ಮಂದಿ ಎಲ್ಲಿರತಾರ?"

ಸುಲೋಚನಾಬಾಯಿಗೆ ನಗು ಬಂತು. "ಚಾವಡ್ಯಾಗ" ಎಂದಳು. ನಕ್ಕ ಮೇಲೆ ಅವಳ ಮುಖ ಸ್ವಲ್ಪ ಸಣ್ಣದಾಯಿತು. "ನನ್ನ ಮ್ಯಾಲೆ ನಂಬಿಗಿ ಇಲ್ಲೇನ್ರಿ?"

"ಐತವ್ವ. ಅಮಾವಾಸಿ ತನಕ ವ್ಯಾಳ್ಯಾ ಕೊಡು."

ಅಮಾವಾಸ್ಯೆಗೆ ನಾಲ್ಕು ದಿನವಿತ್ತು. ಅವಳು ಹೋದ ಮೇಲೆ ನಾನು ಗೋಡೆಯ ಗೂಡಿನ ಕಡೆ ನೋಡಿದೆ. ಆ ಗೂಡಿನಲ್ಲಿ ಎರಡು ವಸ್ತು ಇವೆ. ಒಂದು, ನನ್ನ ಗಂಡ ಕಡೆಗಾಲದಲ್ಲಿ ಆಡಿದ "ಇನ್ನೊಂದು ಗುಟುಕು ನೀರು ಹಾಕು" ಎಂಬ ಮಾತು. ಅದನ್ನು ನಾನು ಗಡಿಗೆಗೆ ಗುಡಿಸಲಿಲ್ಲ. ಇನ್ನೊಂದು, ನಾಲ್ಕು ವರ್ಷದಿಂದ ಅಲ್ಲೇ ಇರುವ ಒಂದು ಪತ್ರ. ಅದಕ್ಕೆ ಒಂದು ವಾಕ್ಯ ಕಡಿಮೆ ಇತ್ತು.

ಹನ್ನೆರಡು ವರ್ಷದ ಹಿಂದೆ ಊರ ಕಣಜಕ್ಕೆ ಬೆಂಕಿ ಬಿತ್ತು. ಕಾವಲಿದ್ದ ಅಣ್ಣತಮ್ಮಂದಿರು ಇಬ್ಬರೂ ಒಳಗೇ ಉಳಿದರು. ಬೆಂಕಿ ಇಟ್ಟವರು ಒಂದು ವಾರ ಮೊದಲೇ ತಮ್ಮ ಮನೆಯಲ್ಲಿ ಕೂತು ಅದನ್ನೆಲ್ಲ ಮಾತಾಡಿಕೊಂಡಿದ್ದರೆಂದು ಆಮೇಲೆ ತಿಳಿಯಿತು. ಆ ಮಾತು ಅವರ ಗಡಿಗೆಯಲ್ಲಿ ತಣ್ಣಗೆ ಕೂತಿತ್ತು. ಆಗ ಚಾವಡಿಯ ಯಜಮಾನರಾಗಿದ್ದವರು ಮುರಿಗೆಯ್ಯನವರು. ಅಂಥ ಮನುಷ್ಯನನ್ನು ನಾನು ಮತ್ತೆ ನೋಡಿಲ್ಲ. ಊರಿಗೆ ರಾತ್ರಿ ಶಾಲೆ ತಂದವರು ಅವರೇ. ಬೆಂಕಿಯ ಮಾರನೆಯ ದಿನ ಬಂದು ನನ್ನ ತಿಗರಿಯ ಪಕ್ಕ ನಿಂತರು. ಮೀಸೆ ಸುಟ್ಟಿತ್ತು, ಹುಡುಗರನ್ನು ಎಳೆದು ತೆಗೆಯಲು ತಾವೇ ಒಳಗೆ ನುಗ್ಗಿದ್ದರಂತೆ.

"ಕಾಶವ್ವ, ಆ ಒಂದು ಗಡಿಗಿ ನಮಗ ಮೊದಲ ತೆರಿಯಾಕ ಬಂದಿದ್ರ, ಆ ಹುಡುಗ್ರು ಇವತ್ತು ಉಣ್ಣಾಕ ಕುಂದರತಿದ್ರು."

ನಾನು ತಿಗರಿ ನಿಲ್ಲಿಸಿದೆ. ಹಾಗೆ ತಳದ ಬಾಯಿ ಹುಟ್ಟಿತು. ಗಡಿಗೆಯ ಅಡಿಯಲ್ಲಿ ಒಂದು ತೂತು, ತೂತಿಗೊಂದು ಮಣ್ಣಿನ ಬಿರಡೆ, ಬಿರಡೆಯ ನಡುವೆ ಬೇವಿನೆಲೆಯ ಹಾಗೆ ಹಲ್ಲುಹಲ್ಲಾದ ಒಂದು ಕುಳಿ. ಆ ಕುಳಿಗೆ ಕಂಚಿನ ಕೀಲಿ ಇಟ್ಟು ತಿರುಗಿಸಿದರೆ ಬಿರಡೆ ಬಿಚ್ಚಿಕೊಳ್ಳುತ್ತದೆ. ಎಲ್ಲ ಮನೆಗೂ ಹೊಸ ಗಡಿಗೆ ಮಾಡಬೇಕಾಯಿತು. ಊರಿಗೆಲ್ಲ ಒಂದೇ ಕುಳಿ, ಚಾವಡಿಯಲ್ಲಿ ಒಂದೇ ಕೀಲಿ. ಅದನ್ನು ಎತ್ತಬೇಕಾದರೆ ಯಜಮಾನರ ರುಜು ಇರುವ ಕಾಗದ ಬೇಕು. ಮುರಿಗೆಯ್ಯನವರು ಎಲ್ಲರಿಗಿಂತ ಮೊದಲು ತಮ್ಮ ಮನೆಯ ಗಡಿಗೆಗೇ ಅದನ್ನು ಮಾಡಿಸಿಕೊಂಡರು. ಕುಳಿಯ ಅಚ್ಚು ಯಾರಾದರೂ ತೆಗೆದುಕೊಂಡರೆ ಹೇಗೆ ಎಂದು ಅವರು ಕೇಳಿದಾಗ ನಾನು ನಕ್ಕುಬಿಟ್ಟೆ.

"ಒಣಗಿದ್ದು ಯಾವುದಾದ್ರೂ ಕುಗ್ಗತೈತ್ರಿ. ಸುಟ್ಟರ ಇನ್ನಷ್ಟು ಕುಗ್ಗತೈತಿ. ಕುಳಿಯಾಗ ಗಡಗಡ ಅಲ್ಲಾಡತೈತಿ, ತಿರುಗಂಗಿಲ್ಲ." ನಲವತ್ತು ವರ್ಷ ಮಣ್ಣಿನಲ್ಲಿ ಕೈಯಿಟ್ಟವಳು ನಾನು. ಅದರಾಚೆ ನನಗೆ ಏನೂ ತೋಚಲಿಲ್ಲ.

ಊರಿನಲ್ಲಿ ಬೇಡವೆಂದವಳು ಒಬ್ಬಳೇ, ಸೂಲಗಿತ್ತಿ ನೀಲಗಂಗವ್ವ. ನಾವಿಬ್ಬರೂ ಒಂದೇ ವಾರ ಈ ಊರಿಗೆ ಸೊಸೆಯರಾಗಿ ಬಂದವರು. ಅವಳು ನನ್ನನ್ನು ಕಾಶಿ ಎಂದೇ ಕರೆಯುತ್ತಿದ್ದಳು. ಅವಳ ಗಡಿಗೆ ಮನೆಯ ಮಾತಿನದಲ್ಲ. ಊರಿನ ಹೆಂಗಸರೆಲ್ಲ ಬಂದು, ಬಾಗಿಲು ಹಾಕಿಕೊಂಡು, ಗಂಡನಿಗೂ ತಾಯಿಗೂ ಹೇಳದ್ದನ್ನು ಅವಳೆದುರು ಹೇಳುತ್ತಿದ್ದರು. ಹೇಳಿ ಹಗುರಾಗಿ ಹೋಗುತ್ತಿದ್ದರು. ನೀಲಗಂಗವ್ವ ಅದನ್ನೆಲ್ಲ ಬರಿಗೈಯಿಂದ ಬಾಚಿ ತುಂಬುತ್ತಿದ್ದಳು, ಪೊರಕೆ ಮುಟ್ಟಿಸುತ್ತಿರಲಿಲ್ಲ.

"ನನ್ನ ಗಡಿಗಿಗೆ ಬಾಯಿ ಇಡಬ್ಯಾಡ ಕಾಶಿ" ಎಂದಳು.

"ಮುರಿಗೆಯ್ಯನೋರು ಕೆಟ್ಟವರೇನ ನಿನಗ?"

"ಅವರು ಚೊಲೋರು. ಅವರಿಗಿಂತ ಚೊಲೋರು ಯಾರದಾರ? ಆದ್ರ ಅವರು ಇನ್ನು ಹತ್ತು ವರ್ಷ ಇರತಾರೋ ಇಪ್ಪತ್ತು ವರ್ಷ ಇರತಾರೋ. ನೀ ಮಾಡೋ ತೂತು ಅವರಕಿಂತ ಜಾಸ್ತಿ ದಿನ ಬಾಳತೈತಿ."

ಮುರಿಗೆಯ್ಯನವರಿಗೆ ಹೇಳಿದೆ. ಅವರು ಸೂಲಗಿತ್ತಿಯ ಮನೆಗೆ ವಿನಾಯಿತಿ ಇದೆಯೆಂದು ಊರಿಗೆ ಸಾರಿಸಿದರು. ಆಮೇಲೆ ನನ್ನ ಹತ್ತಿರ ಬಂದು ತಗ್ಗಿದ ದನಿಯಲ್ಲಿ, "ಒಂದು ಮನಿ ಬಿಟ್ರ ಎಲ್ಲಾ ಬಿಟ್ಟಂಗ. ಕೇಡಿಗರು ಅಲ್ಲೇ ಹೋಗಿ ಮಾತಾಡತಾರ. ಬಾಯಿ ಇಟ್ಟು ಮ್ಯಾಲೆ ತೆಳ್ಳಗ ಮಣ್ಣು ಬಳಿ. ನಾ ಇರೋ ತನಕ ಅದನ್ನ ಮುಟ್ಟಂಗಿಲ್ಲ" ಎಂದರು.

ಬಳಿದೆ. ಅವಳ ಹೊಸ ಗಡಿಗೆಯ ತಳದ ಬಾಯಿಯ ಮೇಲೆ ಕೆಮ್ಮಣ್ಣು ಸವರಿ, ನುಣುಪು ಕಲ್ಲಿನಿಂದ ತಿಕ್ಕಿ ತಿಕ್ಕಿ, ಆವಿಗೆಯಲ್ಲಿ ಸುಟ್ಟೆ. ನೀಲಗಂಗವ್ವ ಗಡಿಗೆಯನ್ನು ಮಗುಚಿ, ಮಗುವಿನ ಬೆನ್ನು ತಟ್ಟುವ ಹಾಗೆ ತಳವನ್ನು ತಟ್ಟಿ ನೋಡಿದಳು. "ಚಂದ ಮಾಡೀದಿ" ಎಂದಳು. ಒಬ್ಬಳೇ ಕೂತು ಒಂಬತ್ತು ದಿನ ಉಜ್ಜಿದಳು.

ಮುಂದಿನ ವರ್ಷ ಸುಗ್ಗಿಯ ಹೊತ್ತಿಗೆ ಚಾವಡಿಯ ಮೆಟ್ಟಿಲ ಮೇಲೆ ಯಾರೋ ಒಂದು ಹಸಿಗೂಸನ್ನು ಮಲಗಿಸಿ ಹೋದರು. ಹೆಣ್ಣುಕೂಸು. ಮೈ ಕೆಂಡದ ಹಾಗೆ ಕಾದಿತ್ತು, ಬೇರೆ ಯಾರ ಹಾಲೂ ಅದಕ್ಕೆ ಒಗ್ಗಲಿಲ್ಲ. ಹೆತ್ತವಳು ಯಾರೆಂದು ನೀಲಗಂಗವ್ವನಿಗೆ ಗೊತ್ತಿತ್ತು, ಅವಳು ಬಾಯಿ ಬಿಡಲಿಲ್ಲ. "ನಾನ ಆಕಿನ್ನ ಹೋಗಿ ಕೇಳತೀನಿ. ಒಂದು ದಿನ ತಡೀರಿ" ಎಂದಳು. ಆ ಸಂಜೆ ಅವಳಿಗೆ ಊರಾಚೆಯಿಂದ ಹೆರಿಗೆಗೆ ಕರೆ ಬಂತು, ಹೋದಳು. ಕೂಸು ಒಂದು ದಿನ ತಡೆಯುವ ಹಾಗೆ ಮುರಿಗೆಯ್ಯನವರಿಗೆ ಕಾಣಲಿಲ್ಲ. ಕಾಗದ ಬರೆದು, ತಾವೇ ರುಜು ಹಾಕಿ, ತಾವೇ ಕೀಲಿ ಎತ್ತಿಕೊಂಡರು. ಗಡಿಗೆಯನ್ನು ಚಾವಡಿಗೆ ತಂದು ತಳ ತೆರೆದರು.

ಅವರಿಗೆ ಬೇಕಾದದ್ದು ಒಂದೇ ಮಾತು. ಆದರೆ ಮಾತುಗಳು ಒಳಗೆ ಒಂದರೊಳಗೊಂದು ಹೆಣೆದುಕೊಂಡು ಕೂತಿರುತ್ತವೆ. ಒಂದನ್ನು ಎಳೆದರೆ ಹತ್ತು ಬರುತ್ತವೆ, ಹತ್ತರ ಹಿಂದೆ ನೂರು. ಚಾವಡಿಯ ಕಿಟಕಿ ತೆರೆದಿತ್ತು. ಸುಗ್ಗಿಯ ಗಾಳಿ. ಊರಿನ ಹೆಂಗಸರ ಮಾತುಗಳೆಲ್ಲ ಬೆಳ್ಳಗೆ ಎದ್ದು ಪೇಟೆಯ ಮೇಲೆ ತೇಲಿಕೊಂಡು ಹೋದವು. ನಾನು ಸಂತೆಯಲ್ಲಿ ಕುಡಿಕೆ ಮಾರುತ್ತಿದ್ದೆ. ಮೊದಲು ಹಿಮ ಬಿದ್ದಂತಾಯಿತು ಎಂದುಕೊಂಡೆ, ನಾನು ಹಿಮ ನೋಡಿದವಳಲ್ಲ. ಒಂದು ನನ್ನ ಕಿವಿಯ ಪಕ್ಕ ಹಾಯಿತು. "ಈ ಸಲಾನೂ ಹೆಣ್ಣಾದ್ರ ಒಳಗ ಕರಕೊಳ್ಳಂಗಿಲ್ಲ ಅಂದಾರ ಯವ್ವಾ" ಎಂದಿತು, ಎದುರು ಮನೆಯ ಸೊಸೆಯ ದನಿಯಲ್ಲಿ. ಇನ್ನೊಂದು ನಕ್ಕಿತು. ಇನ್ನೊಂದು ಬರೀ ಅತ್ತಿತು. ಜನ ತಕ್ಕಡಿ ಹಿಡಿದವರು ಹಿಡಿದ ಹಾಗೇ ನಿಂತಿದ್ದರು. ಗಂಡಸರು ಕೈಚಾಚಿ ಹಿಡಿಯುತ್ತಿದ್ದರು, ಹೆಂಗಸರು ಸೆರಗಿನಿಂದ ಮುಚ್ಚುತ್ತಿದ್ದರು.

ತಾಯಿ ಸಿಕ್ಕಳು. ಕೂಸು ಬದುಕಿತು. ಆ ಹುಡುಗಿ ಈಗ ಶಾಲೆಗೆ ಹೋಗುತ್ತಾಳೆ, ಎರಡು ಜಡೆ ಹಾಕಿಕೊಂಡು. ಅವಳನ್ನು ಓಣಿಯಲ್ಲಿ ಕಂಡಾಗೆಲ್ಲ ಮುರಿಗೆಯ್ಯನವರು ಮಾಡಿದ್ದು ತಪ್ಪು ಎನ್ನಲು ನನ್ನ ನಾಲಿಗೆ ಏಳುವುದಿಲ್ಲ. ಆದರೆ ಆ ಸಂಜೆ ಎದುರು ಮನೆಯ ಸೊಸೆ ಗಂಟು ಹೊತ್ತು ತವರಿಗೆ ನಡೆದಳು. ಅವಳ ಹಾಗೆ ಇನ್ನೂ ಐದು ಜನ.

ಗಡಿಗೆಯನ್ನು ಮೊದಲಿದ್ದ ಜಾಗದಲ್ಲೇ ಇಟ್ಟು ಬಂದಿದ್ದರು. ಸೂಲಗಿತ್ತಿಯ ಮುಚ್ಚಳ ಸಡಿಲವಾಗಿತ್ತು, ಮಾತು ಸೋರಿತು ಎಂದು ಊರಲ್ಲಿ ಸುದ್ದಿ ಹಬ್ಬಿತು. ಅದು ಚಾವಡಿಯಿಂದಲೇ ಹೊರಟ ಸುದ್ದಿ. ಮಾರನೆಯ ದಿನ ನೀಲಗಂಗವ್ವ ಗಡಿಗೆಯನ್ನು ಕಂಕುಳಲ್ಲಿ ಇಟ್ಟುಕೊಂಡು ನನ್ನ ಮನೆಗೆ ಬಂದಳು. ದಾರಿಯಲ್ಲಿ ಯಾರೋ ಅವಳ ಮೇಲೆ ಉಗುಳಿದ್ದರು, ಒರೆಸಿಕೊಂಡಿರಲಿಲ್ಲ.

"ನೋಡ ಕಾಶಿ. ಮುಚ್ಚಳ ಖರೇನ ಸಡಲ ಐತೇನು? ಹೆರಿಗಿಗೆ ಹೋಗೋ ಅವಸರದಾಗ ನಾನ ಸರಿಯಾಗಿ ತಿರುವಲಿಲ್ಲೇನೋ."

ಮಗುಚಿ ನೋಡಿದೆ. ಬಳಿದ ತೆಳುಮಣ್ಣು ಬಿರುಕು ಬಿಟ್ಟಿತ್ತು, ಬೇವಿನೆಲೆಯ ಕುಳಿ ಅರ್ಧ ಕಾಣುತ್ತಿತ್ತು. ಅವಳು ನನ್ನ ಮುಖವನ್ನೇ ನೋಡುತ್ತಿದ್ದಳು, ತಳವನ್ನಲ್ಲ. ನನ್ನ ಹೆಬ್ಬೆರಳಿಗೆ ಹಸಿಮಣ್ಣು ಅಂಟಿತ್ತು. ಅದನ್ನು ಹಾಗೇ ಕುಳಿಯ ಮೇಲೆ ಒತ್ತಿ ಸವರಿದೆ. "ಹೂಂ. ಸ್ವಲ್ಪ ಸಡಲ ಆಗೇತಿ" ಎಂದೆ.

ಅವಳು ತನ್ನ ಎರಡೂ ಕೈಗಳನ್ನು ಮುಂದೆ ಹಿಡಿದು, ಬೇರೆ ಯಾರದೋ ಕೈ ನೋಡುವ ಹಾಗೆ ನೋಡಿಕೊಂಡಳು. ನಾನು ಹೇಳಿದ ಆ ಮಾತು ನಮ್ಮಿಬ್ಬರ ನಡುವೆ ನೆಲದ ಮೇಲೆ ಬಿತ್ತು, ಕಲ್ಲಿನ ಹಾಗೆ. ಎರಡನೆಯ ದಿನ ಅವಳು ದೋಣಿ ಹತ್ತಿ ಆಚೆ ದಂಡೆಗೆ ಹೋದಳು. ಅಲ್ಲಿ ಮಾತು ಬೀಳುವುದಿಲ್ಲ, ಎಲ್ಲ ಊರಿನ ಹಾಗೆ ಗಾಳಿಗೆ ಹೋಗುತ್ತದೆ.

ಮುರಿಗೆಯ್ಯನವರು ಒಂದು ಮಧ್ಯಾಹ್ನ ಬಂದರು. ನಾನು ಹೇಳಿದ ಸುಳ್ಳಿಗೆ ನನ್ನನ್ನು ಹೊಗಳಲಿಲ್ಲ, ತಮ್ಮನ್ನು ತಾವು ಸಮರ್ಥಿಸಿಕೊಳ್ಳಲೂ ಇಲ್ಲ. "ಖರೇ ಹೇಳಿದ್ರ ತಳದ ಬಾಯಿ ಮ್ಯಾಲೆ ಮಂದಿ ನಂಬಿಗಿ ಹೋಗತೈತಿ ಕಾಶವ್ವ. ನಂಬಿಗಿ ಹೋದ್ರ ಮುಂದ ಬೆಂಕಿ ಬಿದ್ದಾಗ ಏನು ಮಾಡೋದು" ಎಂದರು. ಎದ್ದು ಹೋಗುವಾಗ ಅವರ ಚಪ್ಪಲಿ ಅದಲುಬದಲಾಗಿತ್ತು.

ಎರಡು ವರ್ಷ ಕಳೆದ ಮೇಲೆ ಆ ನಂಬಿಕೆಯೂ ಹೋಯಿತು, ಬೆಲ್ಲದಿಂದ. ಕೆಳಗಿನ ಓಣಿಯ ಗದಿಗೆವ್ವನಿಗೆ, ಬೇರೆ ಮನೆ ಮಾಡಿದ ಸೊಸೆ ತನ್ನ ಬಗ್ಗೆ ಏನೆನ್ನುತ್ತಾಳೆ ಎಂದು ತಿಳಿಯುವ ಆಸೆ. ಎಳ್ಳುಂಡೆಗೆ ಪಾಕ ಮಾಡುತ್ತಿದ್ದವಳು, ತನ್ನದೇ ಗಡಿಗೆ ಮಗುಚಿ, ಕುಳಿಗೆ ಎಣ್ಣೆ ಸವರಿ, ಗಟ್ಟಿ ಪಾಕ ಹೊಯ್ದು ನಡುವೆ ಕಡ್ಡಿ ನಿಲ್ಲಿಸಿದಳು. ಆರಿದ ಮೇಲೆ ಎಳೆದರೆ ಬೆಲ್ಲದ ಕೀಲಿ. ಬೆಲ್ಲ ಕುಗ್ಗುವುದಿಲ್ಲ. ಮಣ್ಣಿನವಳಿಗೆ ಗೊತ್ತಿಲ್ಲದ್ದು ಅಡಿಗೆಯವಳಿಗೆ ಗೊತ್ತಿತ್ತು. ತನ್ನ ಮನೆಯ ಕುಳಿಯಲ್ಲಿ ಊರ ಮನೆಗಳ ಕೀಲಿಯೆಲ್ಲ ಇತ್ತು. ಕೆಲಸ ಮುಗಿದ ಮೇಲೆ ಚೀಪಿ ತಿಂದರೆ ಸಾಕ್ಷಿಯೂ ಇಲ್ಲ. ಒಂದೇ ತಿಂಗಳಲ್ಲಿ ಇಡೀ ಊರು ಪಾಕ ಕಾಸಿತು.

ಆಗ ಜನ ಬದುಕಿದ ರೀತಿಯೇ ಬೇರೆ. ಮನೆಯೊಳಗೆ ಎಲ್ಲರೂ ಎಲ್ಲರನ್ನೂ ಹೊಗಳತೊಡಗಿದರು. ಗಂಡಹೆಂಡಿರು ಪಾತ್ರೆ ಬಡಿದು ಜಗಳವಾಡಿದರು, ತಾಟು ಒಂದು ಸಲ ಬಡಿದರೆ ಇಂಥದ್ದು, ಎರಡು ಸಲ ಬಡಿದರೆ ಇಂಥದ್ದು. ನಿಜವಾದ ಮಾತು ಆಡಬೇಕಾದವರು ಹೊಳೆಗಿಳಿದು, ಗಲ್ಲದ ತನಕ ನೀರಿನಲ್ಲಿ ನಿಂತು ಆಡಿದರು, ಬಿದ್ದಲ್ಲೇ ಕರಗಲಿ ಎಂದು. ಮುಂಜಾನೆಯ ಮಂಜಿನಲ್ಲಿ ಹೊಳೆಯ ತುಂಬ ತಲೆಗಳು, ಇಬ್ಬಿಬ್ಬರಾಗಿ, ಮೆಲ್ಲಗೆ ತುಟಿ ಆಡಿಸುತ್ತ. ಹೆಣ್ಣು ನೋಡುವ ಶಾಸ್ತ್ರವೂ ಅಲ್ಲೇ ಆಯಿತು. ಊರಿಗೆಲ್ಲ ನೆಗಡಿ. ಕಡೆಗೆ ಚಾವಡಿಯವರೇ ತಳದ ಬಾಯಿಗೆಲ್ಲ ಅರಗು ಹೊಯ್ದು ಮುಚ್ಚಿಸಿದರು. ಮುರಿಗೆಯ್ಯನವರು ಅದೇ ವರ್ಷ ತೀರಿಕೊಂಡರು. ಅವರು ಬದುಕಿದ್ದಾಗ ನಾನು ಕಾಲಿಡದ ರಾತ್ರಿ ಶಾಲೆಗೆ ಅವರು ಹೋದ ಮೇಲೆ ಸೇರಿಕೊಂಡೆ. ಕಲಿಸುವ ಅಕ್ಕೋರು ಯಾಕೆ ಎಂದು ಕೇಳಿದಾಗ, "ಒಂದು ಕಾಗದ ಬರೀಬೇಕ್ರಿ" ಎಂದೆ. ಬಾಯಿಂದ ಹೇಳಿಕಳಿಸಿದರೆ ದಾರಿಯಲ್ಲಿ ಬೀಳುತ್ತದೆ. ಕಾಗದದ ಮೇಲಿನದು ಬೀಳುವುದಿಲ್ಲ.

ಬರೆಯಲು ಬಂತು, ಬರೆದೆ. ಬೆಕ್ಕು ಮರಿ ಹಾಕಿದ್ದು, ನನ್ನ ಮೊಣಕಾಲು, ಆವಿಗೆಯ ಗೋಡೆ ಕುಸಿದದ್ದು ಎಲ್ಲ ಬರೆದೆ. ಬರೆಯಬೇಕಾದ ಒಂದು ವಾಕ್ಯಕ್ಕೆ ಜಾಗ ಬಿಟ್ಟು ಮಡಚಿ ಗೂಡಿನಲ್ಲಿಟ್ಟೆ.

ಸುಲೋಚನಾಬಾಯಿ ಬಂದುಹೋದ ಮಾರನೆಯ ದಿನ ಅಂಬಿಗರ ಲಕ್ಕಪ್ಪ ಕುಡಿಯುವ ನೀರಿನ ಹೂಜಿ ಬೇಕೆಂದು ಬಂದ. ಅವನು ದಿನಾ ಆಚೆ ದಂಡೆಗೆ ಹೋಗಿಬರುವವನು. ನೀಲಗಂಗವ್ವ ಹೇಗಿದ್ದಾಳೆಂದು ನಾನು ಎಂದಿನಂತೆ ಕೇಳಿದೆ, ಅವನು ಎಂದಿನಂತೆ ಹೇಳಿದ.

"ಅದಾಳ ಯವ್ವ. ಅದ ಜೋಪಡಿ, ಅವ ನಾಲ್ಕು ಕೋಳಿ. ಮೊನ್ನೆ ಒಂದು ಬಸುರಿ ಹೆಂಗಸು ಮೂರು ಹರದಾರಿ ನಡಕೊಂತ ಬಂದು ಆಕಿ ಬಾಗಲಾಗ ಕುಂತಿತ್ತು. ಈಕಿ ಮುಟ್ಟಲಿಲ್ಲ."

"ಯಾಕಂತ?"

"ಹನ್ನೊಂದು ವರ್ಷದಿಂದ ಹೇಳೋದನ್ನ ಹೇಳಿದ್ಳು. ಒಂದು ಮುಚ್ಚಳ ನೆಟ್ಟಗ ಮುಚ್ಚಾಕ ಬರಲಾರದ ಕೈ ಇವು, ಕೂಸಿನ ಕುತಿಗಿ ಹೆಂಗ ಹಿಡೀಲಿ ಅಂತ. ಆ ಹೆಂಗಸು ಅತ್ತಗೊಂತ ಎದ್ದು ಹೋತು." ಲಕ್ಕಪ್ಪ ಹೂಜಿಯನ್ನು ಬೆರಳಿನಿಂದ ಬಾರಿಸಿ ಕಿವಿಗೊಟ್ಟ. "ನಂಗೇನನಸ್ತೈತಿ ಅಂದ್ರ, ನೀ ಒಮ್ಮಿ ಬಂದು ಹೇಳಬೇಕು ನೋಡು. ನಿನ್ನ ಮಾತಂದ್ರ ಆಕಿ ಕೇಳತಾಳ."

ಅವನು ಹೋದ ಮೇಲೆ ಪತ್ರ ಬಿಚ್ಚಿದೆ. ಬಿಟ್ಟ ಜಾಗ ನಾಲ್ಕು ವರ್ಷದಲ್ಲಿ ಸ್ವಲ್ಪ ಹಳದಿಯಾಗಿತ್ತು. ಸೀಸದ ಕಡ್ಡಿ ಹಿಡಿದು ಕೂತೆ, ಬಿಸಿಲು ಹೊಸ್ತಿಲಿಂದ ಒಲೆಯ ತನಕ ಬಂದು ಮತ್ತೆ ಹಿಂದಕ್ಕೆ ಹೋಯಿತು. ಬರೆದರೆ ಏನಾಗುತ್ತದೆ ಎಂದು ನನಗೆ ಗೊತ್ತಿತ್ತು. ಅವಳಿಗೆ ಕೈಗಳು ವಾಪಸು ಸಿಗುತ್ತವೆ. ನನಗೆ ಅವಳು ಉಳಿಯುವುದಿಲ್ಲ. ಇಷ್ಟು ವರ್ಷ "ಕಾಶಿ ಹೆಂಗದಾಳ" ಎಂದು ಆ ದಂಡೆಯಿಂದ ಕೇಳುತ್ತಿದ್ದವಳು ಇನ್ನು ಕೇಳುವುದಿಲ್ಲ. ಊರಿನಲ್ಲಿ ಯಾರೂ ನನ್ನಿಂದ ಗಡಿಗೆ ಕೊಳ್ಳುವುದೂ ಇಲ್ಲ.

ಬಿಟ್ಟ ಜಾಗ ಸಾಲಲಿಲ್ಲ. ಅಂಚಿನಲ್ಲಿ ಕೆಳಗಿನ ತನಕ ಬರೆಯಬೇಕಾಯಿತು. "ನೀಲಗಂಗಾ, ನಿನ್ನ ಮುಚ್ಚಳ ಸಡಿಲ ಇರಲಿಲ್ಲ. ನಿನ್ನ ಗಡಿಗೆಗೆ ತಳದ ಬಾಯಿ ಇತ್ತು. ಇಟ್ಟವಳು ನಾನು. ಚಾವಡಿಯವರು ತೆರೆದದ್ದು ಅದರಿಂದ. ನೀನು ತೋರಿಸಲು ತಂದ ದಿನ ಹೆಬ್ಬೆರಳಿನಿಂದ ಮುಚ್ಚಿದವಳೂ ನಾನೇ. ನಿನ್ನ ಕೈ ಏನೂ ತಪ್ಪು ಮಾಡಿಲ್ಲ."

ಅಮಾವಾಸ್ಯೆಯ ಬೆಳಿಗ್ಗೆ ಸುಲೋಚನಾಬಾಯಿ ಬಂದಳು. ಕೂರುವ ಮೊದಲೇ, "ಏನಂತೀರಿ ಕಾಶವ್ವ?" ಎಂದಳು.

"ಮಾಡಂಗಿಲ್ಲವ್ವ" ಎಂದೆ. ಆಮೇಲೆ ಎಲ್ಲ ಹೇಳಿದೆ, ತೆಳುಮಣ್ಣಿನಿಂದ ಹಿಡಿದು ಹೆಬ್ಬೆರಳಿನ ತನಕ. ಗಟ್ಟಿಯಾಗಿ, ಬಾಗಿಲು ತೆರೆದಿಟ್ಟುಕೊಂಡೇ ಹೇಳಿದೆ. ನನ್ನ ಮಾತುಗಳು ಒಂದೊಂದಾಗಿ ತೊಲೆಗೆ ತಾಗಿ ನೆಲಕ್ಕಿಳಿದವು. ಭಾರವಾಗಿರುತ್ತವೆ ಎಂದುಕೊಂಡಿದ್ದೆ, ಅವು ಎಳೆಗೂಸಿನ ಮಾತಿನ ಹಾಗೆ ತೇಲುತ್ತಿದ್ದವು.

ಅವಳು ನೆಲಕ್ಕೆ ಕೂತಳು. "ಮುರಿಗೆಯ್ಯನೋರೇನ್ರಿ? ಅವರಾ?"

"ಅವರ. ಕೆಟ್ಟವರು ಯಾರಾದ್ರೂ ತೆರೆದಿದ್ರ ನಾ ನಿನಗ ಇವತ್ತು ಮಾಡಿಕೊಡತಿದ್ದೆ, ನೀ ಚೊಲೋ ಹುಡುಗಿ ಅದೀ ಅಂತ. ತೆರದವರು ಮುರಿಗೆಯ್ಯನೋರು. ಅವರಕಿಂತ ಚೊಲೋರನ್ನ ನಾ ಎಲ್ಲಿಂದ ತರಲಿ?"

"ಬಾವಿಗೆ ವಿಷ ಬಿದ್ರ?"

"ಕಾವಲು ಹಾಕು. ನನ್ನ ಪಾಳಿನೂ ಹಚ್ಚು. ನಿದ್ದಿ ಹೆಂಗೂ ಬರಂಗಿಲ್ಲ ನನಗ."

"ಬ್ಯಾರೆ ಕುಂಬಾರರನ್ನ ಕೇಳಬೇಕಾಗತೈತಿ."

"ಕೇಳು. ಅವರಿಗೂ ನಾ ಇದನ್ನ ಹೇಳತೀನಿ."

ಅವಳು ಎದ್ದಳು. ತಾನು ತಂದಿದ್ದ ಚಿತ್ರದ ಕಾಗದವನ್ನು ಮಡಚಿದಳು, ಹರಿಯಲಿಲ್ಲ, ಬಿಟ್ಟು ಹೋಗಲೂ ಇಲ್ಲ. ನೆಲದ ಮೇಲಿದ್ದ ನನ್ನ ಮಾತುಗಳನ್ನು ತುಳಿಯದಂತೆ ಸೀರೆ ಎತ್ತಿ ಹಿಡಿದು, ಒಂದೊಂದೇ ಹೆಜ್ಜೆ ನೋಡಿ ಇಟ್ಟು ದಾಟಿದಳು. ಹೊಸ್ತಿಲ ಹೊರಗೆ ನಿಂತು ರೂಢಿಯಂತೆ ಓಣಿಯ ಕಡೆ ಮುಖ ಮಾಡಿದಳು. "ಗುಡಿಸಿಕೊಳ್ರಿ ಕಾಶವ್ವ. ಗಾಳಿ ಐತಿ."

"ಇರಲಿ" ಎಂದೆ.

ಆವತ್ತು ನಾನು ಗುಡಿಸಲಿಲ್ಲ. ಬಾಗಿಲು ಹಾಕಲಿಲ್ಲ. ಪತ್ರವನ್ನು ಸೆರಗಿನಲ್ಲಿ ಕಟ್ಟಿಕೊಂಡು ಹೊರಟಾಗ ನನ್ನ ಮೊದಲ ಮಾತು ಆಗಲೇ ಹೊಸ್ತಿಲು ದಾಟಿ, ಓಣಿಯಲ್ಲಿ ಅಕ್ಕಿ ಕೇರುತ್ತಿದ್ದ ಎದುರು ಮನೆಯವಳ ಮೊರದ ಕಡೆ ತೇಲುತ್ತಿತ್ತು. ನಾನು ತಿರುಗಿ ನೋಡದೆ ನಡೆದೆ.

ದಂಡೆಯ ತುಂಬ ಜನ, ಗಡಿಗೆ ಮುಳುಗಿಸುತ್ತ. ಲಕ್ಕಪ್ಪ ದೋಣಿಯ ಹಗ್ಗ ಬಿಚ್ಚುತ್ತಿದ್ದ. ಪತ್ರ ಕೊಟ್ಟೆ. ಅವನು ಹಿಂದೆಮುಂದೆ ತಿರುಗಿಸಿ ನೋಡಿದ.

"ಅಂಟು ಹಚ್ಚೀದಿ ಚೊಲೋ ಆತು. ಯಾರಿಗೆ ಓದಿ ಹೇಳಂತ ಕೊಡಲಿ? ಆಕಿಗೆ ಓದಾಕ ಬರತೈತೇನು?"

"ಬರತೈತಿ. ಆಕಿ ಚಿಕ್ಕಂದಿನಾಗ ಕಲ್ತಾಳ. ಆಕಿ ಕೈಯಾಗ ಕೊಡು. ಆಕಿನ ಬಿಚ್ಚಲಿ."

"ಬಾಯಿಮಾತಿನಾಗ ಏನಾರ ಹೇಳಲೇನು?"

ಇಲ್ಲವೆಂದು ತಲೆಯಾಡಿಸಿದೆ. ಅವನು ಪತ್ರವನ್ನು ರುಮಾಲಿನೊಳಗೆ ಸಿಕ್ಕಿಸಿಕೊಂಡು ಕೋಲು ಊರಿದ. ದೋಣಿ ಮೆಲ್ಲಗೆ, ಊರಿನ ಮಾತು ಕರಗುತ್ತಿದ್ದ ನೀರನ್ನು ಸೀಳಿಕೊಂಡು, ಮಾತು ಬೀಳದ ಕಡೆಗೆ ಹೊರಟಿತು.